ತಾಳೆ ನೋಡದ ಅಳತೆ

ತಾವರಗೇರಾ ಪೇಟೆಯ ಕಿರಾಣಿ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಇರಲೇಬೇಕು, ಅದು ಕಾನೂನು. ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮವೂ ಅದರ ಅಡಿಯಲ್ಲಿ ೨೦೧೧ರಲ್ಲಿ ರಚಿತವಾದ ನಿಯಮಗಳೂ ತೂಕದ ಕಲ್ಲುಗಳನ್ನು ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಮರಳಿ ಪರೀಕ್ಷೆಗೆ ಒಡ್ಡಬೇಕೆಂದು ವಿಧಿಸುತ್ತವೆ. ವ್ಯಾಪಾರಿಯು ಪ್ರಾಮಾಣಿಕನಾಗಿರಬಹುದು, ತಕ್ಕಡಿಯೂ ಹೊಸದಾಗಿರಬಹುದು. ಆದರೂ ಪರೀಕ್ಷೆ ತಪ್ಪದು. ಅಳೆಯುವ ಸಾಧನವು ಯಾರ ಕೈವಾಡವೂ ಇಲ್ಲದೆ ಕಾಲಕ್ರಮದಲ್ಲಿ ತಾನಾಗಿಯೇ ಬದಲಾಗುತ್ತದೆಂಬುದನ್ನು ಕಾನೂನು ಮಾಡಿದವರು ಬಲ್ಲರು.

ಇನ್ನು ನಮ್ಮ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಶಾಲೆಗಳತ್ತ ತಿರುಗೋಣ. ಅಲ್ಲಿ ಮೇಜಿನ ಮೇಲೆ ಸಾಲಾಗಿ ವೋಲ್ಟ್‌ಮೀಟರುಗಳಿರುತ್ತವೆ. ಕೊಂಡ ದಿನದಿಂದ ಕೆಟ್ಟ ದಿನದವರೆಗೆ ಅವುಗಳಲ್ಲಿ ಒಂದನ್ನಾದರೂ ಬೇರೊಂದು ನಂಬಿಕೆಯುಳ್ಳ ಪ್ರಮಾಣದೊಡನೆ ತಾಳೆ ನೋಡಿದ ದಾಖಲೆ ದೊರೆಯುವುದು ಅಪೂರ್ವ. ಬೆಲ್ಲ ಬೇಳೆಗಳನ್ನು ತೂಗುವ ಸಾಧನಕ್ಕೆ ಇರುವ ಕಟ್ಟು ವಿಜ್ಞಾನವನ್ನು ಕಲಿಸುವ ಸಾಧನಕ್ಕೆ ಇಲ್ಲದಿರುವುದು ವಿಪರ್ಯಾಸವಲ್ಲವೆ? ಕಾನೂನು ವ್ಯಾಪಾರಕ್ಕೆ ಸಂಬಂಧಿಸಿದುದರಿಂದ ಪ್ರಯೋಗಶಾಲೆಯನ್ನು ಅದು ಕೇಳಲಾರದು. ಕಾನೂನು ಕೇಳದಿದ್ದಲ್ಲಿ ನಾವೇ ಕೇಳಿಕೊಳ್ಳಬೇಕು. ಪ್ರತಿಯೊಂದು ಕಾಲೇಜೂ ತನ್ನದೇ ಆದ ಒಂದು ಆಧಾರ ವೋಲ್ಟೇಜನ್ನು ಇಟ್ಟುಕೊಂಡು, ಅದರ ಚರಿತ್ರೆಯನ್ನು ವರ್ಷಾನುವರ್ಷ ಬರೆದಿಡತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇವೆ.

ಅಳೆಯುವುದೆಂದರೆ ಹೋಲಿಸುವುದು. ಡಿಜಿಟಲ್ ಮೀಟರಿನ ಕಿಟಕಿಯಲ್ಲಿ ೯.೦೦ ಎಂದು ಮೂಡಿದಾಗ ಆ ಯಂತ್ರವು ವೋಲ್ಟನ್ನು ಕಣ್ಣಾರೆ ಕಂಡಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಾಸ್ತವವಾಗಿ ಅದರ ಒಡಲಲ್ಲಿ ಒಂದು ಚಿಕ್ಕ ಅರೆವಾಹಕ ಮಂಡಲವಿದ್ದು, ಅದು ಒಂದು ಗೊತ್ತಾದ ವೋಲ್ಟೇಜನ್ನು ಸದಾ ಒದಗಿಸುತ್ತಿರುತ್ತದೆ. ಇದೇ ಆಧಾರ ವೋಲ್ಟೇಜು. ಹೊರಗಿನಿಂದ ಬಂದ ವೋಲ್ಟೇಜು ಈ ಆಧಾರದ ಎಷ್ಟು ಪಾಲು ಎಂಬುದನ್ನು ಎಣಿಸಿ ಹೇಳುವುದಷ್ಟೆ ಮೀಟರಿನ ಕೆಲಸ. ಆಧಾರವು ಶೇಕಡ ಒಂದರಷ್ಟು ಏರಿದರೆ ಕಿಟಕಿಯ ಅಂಕಿಗಳೆಲ್ಲವೂ ಶೇಕಡ ಒಂದರಷ್ಟು ಇಳಿಯುತ್ತವೆ. ಮೀಟರಿಗೆ ಅದರ ಸುಳಿವೂ ಸಿಗದು. ಸೇರು ಸವೆದಿದ್ದರೆ ಆ ಸೇರಿನಿಂದಲೇ ಸವಕಳಿಯನ್ನು ಅಳೆಯಲಾದೀತೆ?

ಅಂಕಿಯ ಜೊತೆಗೆ ಆಧಾರವನ್ನೂ ಹೇಳಬೇಕೆಂಬ ಅರಿವು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಭೂದಾನವನ್ನು ವಿವರಿಸುವಾಗ ಇಂತಿಷ್ಟು ಮತ್ತರು ಎಂದು ಹೇಳಿ ನಿಲ್ಲಿಸದೆ, ಯಾವ ಗಳೆಯಿಂದ ಅಳೆದ ಮತ್ತರು ಎಂಬುದನ್ನೂ ಹೆಸರಿಸುವುದುಂಟು. ಊರಿನಿಂದ ಊರಿಗೆ ಗಳೆಯ ಉದ್ದ ಬೇರೆಯಾಗಿತ್ತು. ಗಳೆಯ ಹೆಸರಿಲ್ಲದ ಮತ್ತರಿನ ಸಂಖ್ಯೆ ನಾಳೆ ವ್ಯಾಜ್ಯಕ್ಕೆ ದಾರಿಯಾದೀತೆಂಬುದನ್ನು ಬರೆಸಿದವರು ತಿಳಿದಿದ್ದರು. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಅಳತೆಗೋಲಿನ ಉದ್ದವನ್ನೇ ಕಲ್ಲಿನಲ್ಲಿ ಕೊರೆದಿಟ್ಟದ್ದೂ ಇದೇ ಉದ್ದೇಶದಿಂದ. ಬಿದಿರಿನ ಕೋಲು ಮುರಿಯಬಹುದು, ಬಾಗಬಹುದು. ಕಲ್ಲಿನ ಗೆರೆಯೊಡನೆ ಅದನ್ನು ತಾಳೆ ನೋಡಬಹುದು. ವೋಲ್ಟೇಜಿಗೆ ಅಂತಹ ಕಲ್ಲಿನ ಗೆರೆ ಯಾವುದು?

ಬಹುಕಾಲ ಆ ಸ್ಥಾನದಲ್ಲಿದ್ದುದು ರಾಸಾಯನಿಕ ಕೋಶ. ೧೮೩೬ರಲ್ಲಿ ಬಂದ ಡೇನಿಯಲ್ ಕೋಶವು ಸುಮಾರು ೧.೧ ವೋಲ್ಟನ್ನೂ, ೧೮೭೩ರಲ್ಲಿ ಲ್ಯಾಟಿಮರ್ ಕ್ಲಾರ್ಕ್ ರಚಿಸಿದ ಕೋಶವು ಸುಮಾರು ೧.೪೩ ವೋಲ್ಟನ್ನೂ ಕೊಡುತ್ತಿದ್ದವು. ೧೮೯೩ರಲ್ಲಿ ಎಡ್ವರ್ಡ್ ವೆಸ್ಟನ್ ಕ್ಯಾಡ್ಮಿಯಂ ಮತ್ತು ಪಾದರಸಗಳಿಂದ ರಚಿಸಿದ ಕೋಶವು ಇವೆರಡನ್ನೂ ಹಿಂದಿಕ್ಕಿತು. ಗಾಜಿನ ಎರಡು ಕಾಲುಗಳು, ನಡುವೆ ಅಡ್ಡನಾಳ. ಒಂದು ಕಾಲಿನಲ್ಲಿ ಪಾದರಸ ಮತ್ತು ಮರ್ಕ್ಯುರಸ್ ಸಲ್ಫೇಟ್, ಇನ್ನೊಂದರಲ್ಲಿ ಕ್ಯಾಡ್ಮಿಯಮಿನ ಪಾದರಸಮಿಶ್ರ, ಮೇಲೆ ಕ್ಯಾಡ್ಮಿಯಂ ಸಲ್ಫೇಟಿನ ದ್ರಾವಣ. ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಬೆಲೆ ೧.೦೧೮೩ ವೋಲ್ಟು ಎಂದು ೧೯೧೧ರಿಂದ ಅಂತರರಾಷ್ಟ್ರೀಯವಾಗಿ ಒಪ್ಪಲಾಯಿತು. ೧೯೪೮ರಲ್ಲಿ ವೋಲ್ಟಿನ ವ್ಯಾಖ್ಯೆ ಬದಲಾದಾಗ ಅದೇ ಕೋಶದ ಬೆಲೆ ೧.೦೧೮೬ ಎಂದಾಯಿತು. ಕೋಶ ಇದ್ದಂತೆಯೇ ಇದ್ದಿತು, ಏಕಮಾನವೇ ಕದಲಿತು.

ಈ ಕೋಶವನ್ನು ಕಾಪಾಡುವುದು ಹಸುಗೂಸನ್ನು ಕಾಪಾಡಿದಂತೆ. ಸಂತೃಪ್ತ ದ್ರಾವಣದ ವೆಸ್ಟನ್ ಕೋಶವು ಒಂದು ಡಿಗ್ರಿ ಕಾವು ಏರಿದರೆ ಸುಮಾರು ೪೦ ಮೈಕ್ರೋವೋಲ್ಟು ಇಳಿಯುತ್ತದೆ. ಅದನ್ನು ಅಲುಗಾಡಿಸಬಾರದು, ಓರೆಮಾಡಬಾರದು. ಅದರಿಂದ ಪ್ರವಾಹವನ್ನು ಸೆಳೆಯಲೇಬಾರದು. ಕಾವಿನ ತೊಂದರೆ ಕಡಿಮೆಯಿರುವ ಅಸಂತೃಪ್ತ ಕೋಶವನ್ನು ತೆಗೆದುಕೊಂಡರೆ, ಅದು ಸುಮ್ಮನೆ ಕುಳಿತಲ್ಲಿಯೇ ವರ್ಷಕ್ಕೆ ೨೦ರಿಂದ ೪೦ ಮೈಕ್ರೋವೋಲ್ಟಿನಷ್ಟು ಇಳಿಯುತ್ತ ಹೋಗುತ್ತದೆ. ಹೀಗೆ ಹೊರಗಿನ ಕಾರಣವಿಲ್ಲದೆ ಆಧಾರವು ಮೆಲ್ಲಮೆಲ್ಲನೆ ಸ್ಥಾನ ಬಿಡುವುದನ್ನು ಜಾರುವಿಕೆ ಎನ್ನೋಣ. ಆದುದರಿಂದಲೇ ದೊಡ್ಡ ಪ್ರಯೋಗಶಾಲೆಗಳು ಒಂದು ಕೋಶವನ್ನು ಎಂದೂ ನಂಬಲಿಲ್ಲ. ಕೋಶಗಳ ಗುಂಪನ್ನೇ ಒಂದೇ ಕಾವಿನಲ್ಲಿಟ್ಟು, ಒಂದನ್ನು ಇನ್ನೊಂದರೊಡನೆ ಹೋಲಿಸುತ್ತ, ಸರಾಸರಿಯನ್ನು ವೋಲ್ಟೆಂದು ಕರೆದವು. ಈ ನಡತೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಇದೇ ದಾರಿ ತೋರಲಿದೆ.

ಗಾಜಿನ ಕೋಶದ ಸ್ಥಾನವನ್ನು ಈಗ ಸಿಲಿಕಾನ್ ಚೂರು ಆಕ್ರಮಿಸಿದೆ. ಝೀನರ್ ಡಯೋಡನ್ನು ಹಿಮ್ಮುಖವಾಗಿ ಜೋಡಿಸಿದರೆ ಒಂದು ಗೊತ್ತಾದ ವೋಲ್ಟೇಜಿನಲ್ಲಿ ಅದು ಪ್ರವಾಹಕ್ಕೆ ದಾರಿಬಿಡುತ್ತದೆ. ಆರು ಏಳು ವೋಲ್ಟಿನ ಡಯೋಡಿನಲ್ಲಿ ಕಾವು ಏರಿದಂತೆ ಈ ವೋಲ್ಟೇಜು ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟು ಏರುತ್ತದೆ. ಸಾಧಾರಣ ಡಯೋಡಿನ ಮುಮ್ಮುಖ ವೋಲ್ಟೇಜು ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಎರಡನ್ನೂ ಸಾಲಾಗಿ ಜೋಡಿಸಿದರೆ ಏರು ಇಳಿಯನ್ನು ನುಂಗಿ, ಸುಮಾರು ೭ ವೋಲ್ಟಿನ ಸ್ಥಿರ ಆಧಾರ ದೊರೆಯುತ್ತದೆ. ಇನ್ನೊಂದು ಬಗೆಯಲ್ಲಿ ಟ್ರಾನ್ಸಿಸ್ಟರುಗಳನ್ನೇ ಬಳಸಿ, ಕಾವಿನೊಡನೆ ಇಳಿಯುವ ಒಂದು ವೋಲ್ಟೇಜಿಗೆ ಏರುವ ಇನ್ನೊಂದನ್ನು ತಕ್ಕ ಪ್ರಮಾಣದಲ್ಲಿ ಕೂಡಿಸುತ್ತಾರೆ. ಮೊತ್ತವು ಸುಮಾರು ೧.೨ ವೋಲ್ಟಾಗಿ ನಿಲ್ಲುತ್ತದೆ. ಇದು ಸಿಲಿಕಾನಿನ ಶಕ್ತಿ ಅಂತರಕ್ಕೆ ಸಂಬಂಧಿಸಿದ್ದಾದುದರಿಂದ ಬ್ಯಾಂಡ್‌ಗ್ಯಾಪ್ ಆಧಾರವೆಂದು ಹೆಸರಾಗಿದೆ. ೧೯೭೧ರಲ್ಲಿ ರಾಬರ್ಟ್ ವಿಡ್ಲರ್ ಇದನ್ನು ಒಂದೇ ಚಿಪ್ಪಿನಲ್ಲಿ ಅಡಕಮಾಡಿದರು.

ಗಟ್ಟಿಯಾದ ಸಿಲಿಕಾನ್ ಏಕೆ ಜಾರಬೇಕು? ಚಿಪ್ಪನ್ನು ತಳಕ್ಕೆ ಅಂಟಿಸುವಾಗ, ಕವಚದಲ್ಲಿ ಮುಚ್ಚುವಾಗ, ಬೆಸುಗೆ ಹಾಕುವಾಗ ಅದರೊಳಗೆ ಒತ್ತಡ ಉಳಿದುಕೊಳ್ಳುತ್ತದೆ. ಆ ಒತ್ತಡವು ತಿಂಗಳುಗಟ್ಟಲೆ ಸಡಿಲುತ್ತಿರುತ್ತದೆ. ಮೇಲ್ಮೈಯ ಆಕ್ಸೈಡಿನಲ್ಲಿ ಸಿಕ್ಕಿಕೊಂಡ ವಿದ್ಯುದಂಶಗಳು ನಿಧಾನವಾಗಿ ಸ್ಥಳ ಬದಲಿಸುತ್ತವೆ. ಇದನ್ನು ತಪ್ಪಿಸಲು ಉತ್ತಮ ಆಧಾರಗಳಲ್ಲಿ ಝೀನರ್ ಸಂಧಿಯನ್ನು ಮೇಲ್ಮೈಯಿಂದ ಕೆಳಗೆ ಹೂತಿಡುತ್ತಾರೆ. ಇನ್ನು ಕವಚವು ಪ್ಲಾಸ್ಟಿಕ್ಕಿನದಾದರೆ ಅದು ಗಾಳಿಯ ತೇವವನ್ನು ಹೀರಿ ಉಬ್ಬಿ ಚಿಪ್ಪನ್ನು ಹಿಂಡುತ್ತದೆ. ಒಣ ಹವೆಯಲ್ಲಿ ಮರಳಿ ಸಡಿಲಿಸುತ್ತದೆ. ಹೊಸ ಮನೆಯ ಗಾರೆ ಮೊದಲ ವರ್ಷ ಹೆಚ್ಚು ಬಿರಿದು ಮುಂದೆ ನೆಲೆಗೊಳ್ಳುವಂತೆ ಈ ಚಿಪ್ಪುಗಳೂ ಮೊದಮೊದಲು ಹೆಚ್ಚು ಜಾರಿ ಕ್ರಮೇಣ ಶಾಂತವಾಗುತ್ತವೆ. ಹೊಸದಕ್ಕಿಂತ ಹಳೆಯದಕ್ಕೇ ಹೆಚ್ಚು ಬೆಲೆ ಬರುವ ಕೆಲವೇ ವಸ್ತುಗಳಲ್ಲಿ ಇದೂ ಒಂದು.

ಜಾರುವಿಕೆಯು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದು ಈ ಕಸುಬಿನವರ ಸ್ಥೂಲ ನಿಯಮ. ಒಂದು ಆಧಾರವು ಮೊದಲ ೧೦೦೦ ಗಂಟೆಗಳಲ್ಲಿ, ಅಂದರೆ ಸುಮಾರು ೪೨ ದಿನಗಳಲ್ಲಿ, ದಶಲಕ್ಷದಲ್ಲಿ ೮ ಪಾಲು ಜಾರಿತೆಂದು ಭಾವಿಸೋಣ. ೪೦೦೦ ಗಂಟೆಗಳಿಗೆ ಅದು ೧೬ ಪಾಲಾಗುತ್ತದೆ. ೯೦೦೦ ಗಂಟೆಗಳಿಗೆ, ಎಂದರೆ ಸುಮಾರು ಒಂದು ವರ್ಷಕ್ಕೆ, ೨೪ ಪಾಲು. ವರ್ಷದ ಜಾರುವಿಕೆಯಲ್ಲಿ ಮೂರನೆಯ ಒಂದು ಭಾಗ ಮೊದಲ ಆರು ವಾರಗಳಲ್ಲಿಯೇ ಮುಗಿದಿರುತ್ತದೆ. ದಶಲಕ್ಷದಲ್ಲಿ ಒಂದು ಪಾಲೆಂದರೆ ಒಂದು ಕಿಲೋಮೀಟರಿನಲ್ಲಿ ಒಂದು ಮಿಲಿಮೀಟರು. ಏಳು ವೋಲ್ಟಿನ ಆಧಾರಕ್ಕೆ ೨೪ ಪಾಲು ಸುಮಾರು ೧೭೦ ಮೈಕ್ರೋವೋಲ್ಟಾಗುತ್ತದೆ. ಆದರೆ ಯಾವ ಚಿಪ್ಪು ಎಷ್ಟು ಜಾರೀತು, ಮೇಲಕ್ಕೋ ಕೆಳಕ್ಕೋ, ಎಂಬುದನ್ನು ನಿಯಮ ಹೇಳಲಾರದು. ಅದನ್ನು ತಿಳಿಯಲು ಅದರ ಚರಿತ್ರೆಯೊಂದೇ ದಾರಿ.

ನಮ್ಮ ಕೊಪ್ಪಳ ಸೀಮೆಯ ಹವೆಯು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಚಳಿಗಾಲದ ಬೆಳಗಿನ ಜಾವ ಕೊಠಡಿಯ ಕಾವು ೧೫ ಡಿಗ್ರಿ ಇದ್ದರೆ ಮೇ ತಿಂಗಳ ಮಧ್ಯಾಹ್ನ ೪೦ ಡಿಗ್ರಿ ಮುಟ್ಟುವುದು ಅಸಾಧಾರಣವಲ್ಲ. ಡಿಗ್ರಿಗೆ ದಶಲಕ್ಷದಲ್ಲಿ ೫ ಪಾಲು ಬದಲಾಗುವ ಸಾಧಾರಣ ಆಧಾರವು ಈ ೨೫ ಡಿಗ್ರಿಗಳಲ್ಲಿ ೧೨೫ ಪಾಲು ಕದಲುತ್ತದೆ. ಇಡೀ ವರ್ಷದ ಜಾರುವಿಕೆಯ ಐದು ಪಟ್ಟು! ಆದುದರಿಂದ ಕಾವನ್ನು ಬರೆದಿಡದೆ ಜಾರುವಿಕೆಯ ಮಾತಾಡುವುದು ವ್ಯರ್ಥ. ಅಗ್ಗದ ಮೀಟರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಚಿಪ್ಪಿನ ಒಳ ಆಧಾರವು ಡಿಗ್ರಿಗೆ ೮೦ ಪಾಲಿನಷ್ಟು ಬದಲಾಗುವಂಥದು. ಮೀಟರಿನ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆಯುಳ್ಳವರಿಗೆ ಅಲ್ಲಿ ಒಂದು ಷರತ್ತು ಕಾಣಸಿಗುತ್ತದೆ: ನಮೂದಿಸಿದ ನಿಖರತೆಯು ೧೮ರಿಂದ ೨೮ ಡಿಗ್ರಿಗಳ ನಡುವೆ, ಪರೀಕ್ಷಿಸಿದ ದಿನದಿಂದ ಒಂದು ವರ್ಷದವರೆಗೆ ಮಾತ್ರ. ತಾವರಗೇರಾದ ಬೇಸಗೆಯು ಈ ಷರತ್ತನ್ನು ಪ್ರತಿವರ್ಷವೂ ಮುರಿಯುತ್ತದೆ.

ಕಾವಿನ ಕಾಟಕ್ಕೆ ಒಂದು ಉಪಾಯವುಂಟು. ಚಿಪ್ಪಿನೊಳಗೇ ಚಿಕ್ಕ ಒಲೆಯೊಂದನ್ನಿಟ್ಟು, ಸುತ್ತಲಿನ ಅತಿ ಹೆಚ್ಚಿನ ಕಾವಿಗಿಂತಲೂ ಮೇಲಿನ ಒಂದು ಕಾವಿನಲ್ಲಿ ಅದನ್ನು ಸದಾ ನಿಲ್ಲಿಸುವುದು. ಆಗ ಹೊರಗಿನ ಚಳಿ ಸೆಕೆಗಳು ಒಳಗೆ ತಟ್ಟುವುದಿಲ್ಲ. ಆದರೆ ಒಲೆ ಬಿಸಿಯಾದಷ್ಟೂ ಚಿಪ್ಪು ಬೇಗ ಮುಪ್ಪಾಗುತ್ತದೆ; ತಂಪಾಗಿಡೋಣವೆಂದರೆ ಬೇಸಗೆಯಲ್ಲಿ ಪೆಟ್ಟಿಗೆಯ ಕಾವೇ ಒಲೆಯ ಕಾವನ್ನು ಮೀರಿ ಹಿಡಿತ ತಪ್ಪುತ್ತದೆ. ಲಂಡನ್ನಿನ ಕೊಠಡಿಗೆ ಒಪ್ಪುವ ೪೫ ಡಿಗ್ರಿಯ ಒಲೆ ನಮ್ಮ ಬಯಲುಸೀಮೆಗೆ ಒಪ್ಪದು. ಇನ್ನೊಂದು ತೊಡಕು ವಿದ್ಯುತ್ ಕಡಿತ. ಒಲೆ ಆರಿ ತಣ್ಣಗಾಗಿ ಮರಳಿ ಕಾದ ಆಧಾರವು ತನ್ನ ಹಿಂದಿನ ಬೆಲೆಗೆ ಕರಾರುವಾಕ್ಕಾಗಿ ಹಿಂದಿರುಗುವುದಿಲ್ಲ. ಫ್ಲೂಕ್ ಕಂಪನಿಯ ಹೆಸರಾಂತ ೧೦ ವೋಲ್ಟಿನ ಪ್ರಮಾಣಗಳಲ್ಲಿ ಬ್ಯಾಟರಿಯಿದ್ದು, ಅದೂ ಬರಿದಾಗಿ ಒಮ್ಮೆ ಶಕ್ತಿ ತಪ್ಪಿದರೆ ಒಂದು ಸೂಚಕ ದೀಪ ಆರಿ ಹೋಗುತ್ತದೆ. ತನ್ನ ನಂಬಿಕೆ ಮುರಿದದ್ದನ್ನು ತಾನೇ ಸಾರುವ ಯಂತ್ರ ಅದು. ಲೋಡ್ ಶೆಡ್ಡಿಂಗಿನ ಊರಿನಲ್ಲಿ ಬ್ಯಾಟರಿಯಿಲ್ಲದ ಆಧಾರವನ್ನು ಆಧಾರವೆನ್ನಲಾಗದು.

ಇವೆಲ್ಲ ಪ್ರಯೋಗಶಾಲೆಯ ಮಾತಷ್ಟೇ ಎಂದು ತಿಳಿಯಬಾರದು. ನಮ್ಮ ಮನೆಗಳ ಗೋಡೆಯ ಮೇಲೆ ಜೆಸ್ಕಾಂ ಲೆಕ್ಕಕ್ಕೆ ಓಡುವ ಎಲೆಕ್ಟ್ರಾನಿಕ್ ಮೀಟರಿನ ಒಳಗೂ ಇಂತಹದೇ ಒಂದು ಆಧಾರ ಅಡಗಿದೆ. ಅದು ವೋಲ್ಟೇಜನ್ನೂ ಪ್ರವಾಹವನ್ನೂ ಅಳೆದು ಗುಣಿಸುತ್ತದೆ. ಎರಡೂ ಅಳತೆಗಳಿಗೆ ಒಂದೇ ಆಧಾರವಿದ್ದಲ್ಲಿ, ಅದು ಸಾವಿರದಲ್ಲಿ ಒಂದು ಪಾಲು ಏರಿದರೆ ಎರಡೂ ಅಷ್ಟಷ್ಟು ಇಳಿದು, ಗುಣಲಬ್ಧವು ಸಾವಿರದಲ್ಲಿ ಎರಡು ಪಾಲು ತಗ್ಗುತ್ತದೆ. ಮನೆಯ ಮೀಟರಿಗೆ ಶೇಕಡ ಒಂದರ ಮಟ್ಟದ ನಿಖರತೆಯನ್ನು ನಿಗದಿಮಾಡಿರುವುದರಿಂದ ಇದಕ್ಕಾಗಿ ಯಾರೂ ಕಳವಳಪಡಬೇಕಾಗಿಲ್ಲ. ಆದರೆ ಲಕ್ಷಾಂತರ ಮನೆಗಳ ಲೆಕ್ಕವು ಅಕ್ಕಿಕಾಳಿನಷ್ಟು ಸಿಲಿಕಾನಿನ ಸ್ಥಿರತೆಯನ್ನು ಅವಲಂಬಿಸಿದೆಯೆಂಬುದು ವಿದ್ಯಾರ್ಥಿಗಳು ತಿಳಿದಿರತಕ್ಕ ಸಂಗತಿ.

ಹಾಗಾದರೆ ಜಾರದ ಆಧಾರವೇ ಇಲ್ಲವೆ? ಒಂದು ಇದೆ. ೧೯೬೨ರಲ್ಲಿ ಕೇಂಬ್ರಿಜಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ, ೨೨ ವರ್ಷದ ಬ್ರಯನ್ ಜೋಸೆಫ್‌ಸನ್, ಅತಿವಾಹಕಗಳ ನಡುವಣ ತೆಳುವಾದ ನಿರೋಧಕ ಪದರದ ವಿಚಿತ್ರ ವರ್ತನೆಯನ್ನು ಲೆಕ್ಕದಿಂದ ಮುಂತಿಳಿಸಿದರು. ೧೯೭೩ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು. ಇಂತಹ ಸಂಧಿಯ ಮೇಲೆ ಸೂಕ್ಷ್ಮತರಂಗಗಳನ್ನು ಬಿಟ್ಟರೆ ಅದು ಮೆಟ್ಟಲು ಮೆಟ್ಟಲಾಗಿ ವೋಲ್ಟೇಜನ್ನು ಕೊಡುತ್ತದೆ. ಮೆಟ್ಟಲಿನ ಎತ್ತರವು ತರಂಗದ ಆವೃತ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿ ಎಲೆಕ್ಟ್ರಾನಿನ ವಿದ್ಯುದಂಶದ ಇಮ್ಮಡಿಯಿಂದ ಭಾಗಿಸಿದಷ್ಟು. ಸಂಧಿಯನ್ನು ಯಾವ ಲೋಹದಿಂದ ಮಾಡಿದರೂ, ಯಾವ ಊರಿನಲ್ಲಿಟ್ಟರೂ ಒಂದೇ. ೭೫ ಗಿಗಾಹರ್ಟ್ಸಿನಲ್ಲಿ ಒಂದು ಮೆಟ್ಟಲು ಸುಮಾರು ೧೫೫ ಮೈಕ್ರೋವೋಲ್ಟು. ಸಾವಿರಾರು ಸಂಧಿಗಳನ್ನು ಸಾಲಾಗಿ ಜೋಡಿಸಿದರೆ ೧೦ ವೋಲ್ಟಿನವರೆಗೂ ಏರಬಹುದು.

೧೯೯೦ರ ಜನವರಿ ೧ರಿಂದ ಜಗತ್ತಿನ ಪ್ರಮಾಣಾಲಯಗಳು ಈ ಮೆಟ್ಟಲಿಗೆ ಒಂದೇ ಸಂಖ್ಯೆಯನ್ನು ಒಪ್ಪಿ ಬಳಸಿದವು. ೨೦೧೯ರ ಮೇ ೨೦ರಿಂದ ಪ್ಲಾಂಕ್ ಸ್ಥಿರಾಂಕಕ್ಕೂ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ನಿಶ್ಚಿತ ಬೆಲೆಗಳನ್ನು ಗೊತ್ತುಮಾಡಿದುದರಿಂದ ವೋಲ್ಟು ನೇರವಾಗಿ ನಿಸರ್ಗದ ಸ್ಥಿರಾಂಕಗಳ ಮೇಲೆ ನಿಂತಿತು. ಆ ದಿನ ವೋಲ್ಟೇಜಿನ ಅಂಕಿಗಳು ದಶಲಕ್ಷದಲ್ಲಿ ಸುಮಾರು ೦.೧ ಪಾಲಿನಷ್ಟು ಬದಲಾದವು. ಅದೇ ದಿನ ಪ್ಯಾರಿಸ್ಸಿನ ಬಳಿಯ ಲೋಹದ ಕಿಲೋಗ್ರಾಂ ಕೂಡ ನಿವೃತ್ತಿ ಹೊಂದಿತು. ಅದಕ್ಕೂ ಅದರ ಪ್ರತಿಗಳಿಗೂ ನಡುವೆ ಒಂದು ಶತಮಾನದಲ್ಲಿ ಸುಮಾರು ೫೦ ಮೈಕ್ರೋಗ್ರಾಮಿನಷ್ಟು ಅಂತರ ಬೆಳೆದಿತ್ತು. ಭಾರತದ ಪಾಲಿಗೆ ಬಂದ ೫೭ನೆಯ ಸಂಖ್ಯೆಯ ಪ್ರತಿಯು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಗಾಜಿನ ಗಂಟೆಯೊಳಗೆ ಬೀಗ ಹಾಕಿಟ್ಟ ಪ್ಲಾಟಿನಂ ಇರಿಡಿಯಮಿನ ಪಾಡೇ ಹೀಗಾದರೆ ನಮ್ಮ ಮೇಜಿನ ಮೇಲಿನ ಪ್ಲಾಸ್ಟಿಕ್ ಮೀಟರಿನ ಪಾಡೇನು?

ಜೋಸೆಫ್‌ಸನ್ ಪ್ರಮಾಣವು ದ್ರವ ಹೀಲಿಯಮಿನ ಕಾವಿನಲ್ಲಿ, ಎಂದರೆ ಸೊನ್ನೆಗಿಂತ ೨೬೯ ಡಿಗ್ರಿ ಕೆಳಗೆ, ಕೆಲಸಮಾಡುವಂಥದು. ನಮ್ಮ ದೇಶದಲ್ಲಿ ಅದನ್ನು ಕಾಪಾಡುತ್ತಿರುವುದು ೧೯೫೦ರಲ್ಲಿ ಉದ್ಘಾಟನೆಗೊಂಡ ಅದೇ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿಂದ ಮನ್ನಣೆ ಪಡೆದ ಪರೀಕ್ಷಾಲಯಗಳಿಗೆ, ಅವುಗಳಿಂದ ಕಾರ್ಖಾನೆಗಳಿಗೆ ವೋಲ್ಟು ಸರಪಳಿಯಂತೆ ಇಳಿದು ಬರುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ಖಾಸಗಿ ಪರೀಕ್ಷಾಲಯಗಳೂ ಇವೆ. ಸರಪಳಿಯ ಕೊಂಡಿಗಳು ಅಲ್ಲಿಯವರೆಗೆ ಗಟ್ಟಿಯಾಗಿವೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿರುವ ನಮ್ಮ ಕಾಲೇಜುಗಳನ್ನು ತಲುಪುವ ಮೊದಲೇ ಅದು ತುಂಡಾಗುತ್ತದೆ.

ಇದರ ನಷ್ಟವನ್ನು ಯಾರು ಹೊರುತ್ತಾರೆ? ವಿದ್ಯಾರ್ಥಿಯೇ ಹೊರುತ್ತಾನೆ. ಪ್ರಯೋಗದ ಪರೀಕ್ಷೆಯಲ್ಲಿ ಒಬ್ಬಳು ವಿದ್ಯಾರ್ಥಿನಿ ಜಾಗರೂಕತೆಯಿಂದ ಜೋಡಣೆ ಮಾಡಿ, ಕಂಡದ್ದನ್ನು ಕಂಡಂತೆ ಬರೆಯುತ್ತಾಳೆ. ಉತ್ತರವು ಪುಸ್ತಕದ ಬೆಲೆಯಿಂದ ಶೇಕಡ ಎರಡರಷ್ಟು ದೂರ ನಿಲ್ಲುತ್ತದೆ. ಪಕ್ಕದ ಮೇಜಿನವನು ಪುಸ್ತಕದ ಬೆಲೆಯಿಂದ ಹಿಂದಕ್ಕೆ ಲೆಕ್ಕಹಾಕಿ ಓದಿಕೆಗಳನ್ನು ತಿದ್ದಿ ಬರೆಯುತ್ತಾನೆ. ಅಂಕಗಳು ಯಾರಿಗೆ ಹೆಚ್ಚು ಬರುತ್ತವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಮೀಟರು ತಪ್ಪಿದರೆ ದಂಡ ಕೈಗೆ. ಕೈ ತಪ್ಪಿದರೆ ದಂಡವೇ ಇಲ್ಲ! ಮೀಟರಿನ ನಿಜವಾದ ಸ್ಥಿತಿಯನ್ನು ತಿಳಿಯದ ಪರೀಕ್ಷಕನು ಇವರಿಬ್ಬರಲ್ಲಿ ಯಾರು ಸತ್ಯವಂತರೆಂದು ಹೇಗೆ ತೀರ್ಮಾನಿಸಿಯಾನು? ಹೀಗೆ ತಾಳೆ ನೋಡದ ಮೀಟರು ಮೊದಲು ಅಂಕಿಯನ್ನು ಕೆಡಿಸಿ, ಅನಂತರ ಮನಸ್ಸನ್ನು ಕೆಡಿಸುತ್ತದೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಬಣ್ಣಬಣ್ಣದ ಎಲ್‌ಇಡಿಗಳು ಬೆಳಗತೊಡಗುವ ವೋಲ್ಟೇಜನ್ನು ಅಳೆದು ಪ್ಲಾಂಕ್ ಸ್ಥಿರಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ಪದವಿ ತರಗತಿಗಳಲ್ಲಿ ಮಾಡಿಸುತ್ತಾರೆ. ೨೦೧೯ರಿಂದೀಚೆಗೆ ಆ ಸ್ಥಿರಾಂಕದ ಬೆಲೆ ನಿಶ್ಚಿತವಾಗಿದೆ. ವೋಲ್ಟೇ ಅದರ ಮೇಲೆ ನಿಂತಿದೆ. ಆದುದರಿಂದ ಆ ಪ್ರಯೋಗದಲ್ಲಿ ಇಂದು ಪರೀಕ್ಷೆಗೆ ಒಳಗಾಗುವುದು ಪ್ಲಾಂಕ್ ಸ್ಥಿರಾಂಕವಲ್ಲ. ನಮ್ಮ ಮೀಟರು ಮತ್ತು ನಮ್ಮ ವಿಧಾನ. ವಿದ್ಯಾರ್ಥಿಯ ಉತ್ತರ ದೂರ ಸರಿದರೆ ಕೇಳಬೇಕಾದ ಪ್ರಶ್ನೆ “ಎಲ್ಲಿ ತಪ್ಪಿದೆ?” ಎಂಬುದಲ್ಲ, “ನಿನ್ನ ಅಳತೆಯ ಆಧಾರ ಯಾವುದು?” ಎಂಬುದು.

ಆಕ್ಷೇಪಗಳು ಬಾರದಿರವು. ಹಳ್ಳಿಯ ಕಾಲೇಜಿಗೆ ಮೈಕ್ರೋವೋಲ್ಟಿನ ಗೊಡವೆ ಏಕೆ, ಶೇಕಡ ಒಂದರ ನಿಖರತೆ ಸಾಲದೆ, ಎಂದು ಕೆಲವರು ಕೇಳಬಹುದು. ಸಾಕು, ನಿಸ್ಸಂದೇಹವಾಗಿ ಸಾಕು. ಆದರೆ ಶೇಕಡ ಒಂದು ಇದೆಯೆಂದು ತಿಳಿದುದು ಹೇಗೆ? ತಾಳೆ ನೋಡದಿರುವವನಿಗೆ ಶೇಕಡ ಒಂದೂ ಊಹೆಯೇ. ಇನ್ನು ಕೆಲವರು, ಪ್ರಮಾಣಪತ್ರವಿರುವ ದುಬಾರಿ ಮೀಟರನ್ನು ಕೊಂಡುಬಿಟ್ಟರೆ ತೊಂದರೆ ತೀರಿತಲ್ಲ ಎನ್ನಬಹುದು. ಪ್ರಮಾಣಪತ್ರವು ಆ ಮೀಟರು ಒಂದು ದಿನ, ಒಂದು ಕೊಠಡಿಯಲ್ಲಿ ಹೇಗಿತ್ತೆಂದು ಹೇಳುತ್ತದೆ. ನಾಳೆ ಹೇಗಿರುವುದೆಂದು ಹೇಳದು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಹತ್ತು ವರ್ಷದ ಹಿಂದಿನ ಪತ್ರವು ಅಲಂಕಾರಕ್ಕೆ ಮಾತ್ರ ಯೋಗ್ಯ. ಬೇಕಾದುದು ದುಬಾರಿ ಯಂತ್ರವಲ್ಲ, ಬಿಡದ ಅಭ್ಯಾಸ.

ಆ ಅಭ್ಯಾಸವು ಹೀಗಿರಬಹುದೆಂದು ನಮ್ಮ ಸೂಚನೆ. ಕಾಲೇಜು ಮೂರು ಆಧಾರಗಳನ್ನು ಇಟ್ಟುಕೊಳ್ಳಲಿ. ಒಂದೇ ಇದ್ದರೆ ಅದು ಜಾರಿದ್ದು ತಿಳಿಯದು. ಎರಡಿದ್ದರೆ ಬೇರೆಯಾದದ್ದು ತಿಳಿದೀತು, ಜಾರಿದವರು ಯಾರೆಂದು ತಿಳಿಯದು. ಮೂರಿದ್ದರೆ ಸಾಕ್ಷಿ ಕೂಡಿಬರುತ್ತದೆ. ಒಂದೇ ಬಗೆಯವಾದರೆ ಮೂರೂ ಒಂದೇ ದಿಕ್ಕಿಗೆ ಜಾರಿ ನಮ್ಮನ್ನು ವಂಚಿಸಿಯಾವು. ಆದುದರಿಂದ ಒಲೆಯುಳ್ಳ ಲೋಹ ಕವಚದ ಝೀನರ್ ಎರಡು, ಬೇರೆ ಬಗೆಯದು ಒಂದು ಇರುವುದು ಲೇಸು. ಇವೆಲ್ಲ ಬ್ಯಾಟರಿಯ ಆಸರೆಯಲ್ಲಿ ಹಗಲಿರುಳೂ ನಡೆಯುತ್ತಿರಬೇಕು. ಮಂಡಲಗಳನ್ನು ವಿದ್ಯಾರ್ಥಿಗಳೇ ಕಟ್ಟಬಹುದು.

ಹೋಲಿಸಲು ದೊಡ್ಡ ಯಂತ್ರ ಬೇಡ. ಏಳು ವೋಲ್ಟಿನ ಆಧಾರವನ್ನು ಸಾಧಾರಣ ಕೈಮೀಟರಿನ ೨೦ ವೋಲ್ಟಿನ ವ್ಯಾಪ್ತಿಯಲ್ಲಿ ನೇರವಾಗಿ ಅಳೆದರೆ ಕೊನೆಯ ಅಂಕಿ ೧೦ ಮಿಲಿವೋಲ್ಟಿನದು. ದಶಲಕ್ಷದಲ್ಲಿ ೧೪೦೦ ಪಾಲಿಗಿಂತ ಸೂಕ್ಷ್ಮವಾದುದೇನೂ ಕಾಣದು. ಅದರ ಬದಲು ಎರಡು ಆಧಾರಗಳ ಋಣಧ್ರುವಗಳನ್ನು ಕೂಡಿಸಿ, ಧನಧ್ರುವಗಳ ನಡುವಣ ವ್ಯತ್ಯಾಸವನ್ನು ೨೦೦ ಮಿಲಿವೋಲ್ಟಿನ ವ್ಯಾಪ್ತಿಯಲ್ಲಿ ಅಳೆಯಿರಿ. ವ್ಯತ್ಯಾಸವು ೨೦ ಮಿಲಿವೋಲ್ಟಿದ್ದು ಮೀಟರು ಶೇಕಡ ಅರ್ಧದಷ್ಟು ತಪ್ಪಿದರೂ ತಪ್ಪು ೦.೧ ಮಿಲಿವೋಲ್ಟು ಮಾತ್ರ. ಏಳು ವೋಲ್ಟಿನ ದಶಲಕ್ಷದಲ್ಲಿ ೧೪ ಪಾಲು. ಅದೇ ಮೀಟರು ನೂರು ಪಟ್ಟು ಸೂಕ್ಷ್ಮವಾಯಿತು! ಪೊಟೆನ್ಷಿಯೋಮೀಟರಿನ ಉದ್ದ ತಂತಿಯ ಮೇಲೆ ಕೋಶಗಳನ್ನು ಹೋಲಿಸಿದ ನಮ್ಮ ಹಿರಿಯರು ಬಳಸಿದುದೂ ಈ ಜಾಣತನವನ್ನೇ. ಮೊದಲನೆಯದು ಎರಡನೆಯದರಿಂದ, ಎರಡನೆಯದು ಮೂರನೆಯದರಿಂದ, ಮೂರನೆಯದು ಮೊದಲನೆಯದರಿಂದ ಎಷ್ಟು ಬೇರೆಯೆಂದು ಚಿಹ್ನೆಸಹಿತ ಬರೆದು ಕೂಡಿಸಿದರೆ ಮೊತ್ತ ಸೊನ್ನೆಯಾಗಬೇಕು. ಆಗದಿದ್ದರೆ ಅಳೆದ ಕ್ರಮದಲ್ಲಿಯೇ ದೋಷವಿದೆ. ಓದಿಕೆಯನ್ನು ತಿದ್ದಿ ಬರೆಯುವವನನ್ನು ಈ ಮೊತ್ತವೇ ಹಿಡಿದುಕೊಡುತ್ತದೆ.

ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಈ ಕೆಲಸ ಮಾಡಿ, ದಿನಾಂಕ, ಕೊಠಡಿಯ ಕಾವು, ಗಾಳಿಯ ತೇವ, ಮೂರು ವ್ಯತ್ಯಾಸಗಳು ಇವನ್ನು ಒಂದು ಕಟ್ಟಿದ ಪುಸ್ತಕದಲ್ಲಿ ಶಾಯಿಯಿಂದ ಬರೆದು ಸಹಿ ಮಾಡಲಿ. ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಬೆಂಗಳೂರಿಗೆ ಹೋಗಿ ಮೇಲಿನ ಕೊಂಡಿಯೊಡನೆ ತಾಳೆಯಾಗಿ ಬರಲಿ. ಉಳಿದೆರಡು ಮನೆಯಲ್ಲಿ ಸಾಕ್ಷಿಯಾಗಿರಲಿ. ಒಂದು ಕಾಲೇಜಿಗೆ ಈ ಖರ್ಚು ಭಾರವೆನಿಸಿದರೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿಗಳ ಕಾಲೇಜುಗಳು ಒಟ್ಟುಗೂಡಬಹುದು. ತಾಳೆಯಾಗಿ ಬಂದ ಆಧಾರವು ಊರಿಂದೂರಿಗೆ ಸುತ್ತಿ ಹೊರಟಲ್ಲಿಗೇ ಮರಳಲಿ. ಹೊರಟಾಗಿನ ಮತ್ತು ಮರಳಿದಾಗಿನ ಬೆಲೆಗಳ ಅಂತರವೇ ಪ್ರಯಾಣದಲ್ಲಿ ಅದು ಎಷ್ಟು ಜಾರಿತೆಂದು ಹೇಳುತ್ತದೆ. ಜಗತ್ತಿನ ದೊಡ್ಡ ಪ್ರಮಾಣಾಲಯಗಳು ಪರಸ್ಪರ ಹೋಲಿಸಿಕೊಳ್ಳುವುದೂ ಇದೇ ಕ್ರಮದಿಂದ.

ಪರೀಕ್ಷೆಯ ಕ್ರಮವೂ ಬದಲಾಗಬೇಕು. ಪ್ರಯೋಗದ ಉತ್ತರವು ಪುಸ್ತಕಕ್ಕೆ ಎಷ್ಟು ಹತ್ತಿರ ಎಂಬುದಕ್ಕೆ ಅಂಕ ಕೊಡುವುದು ಸಲ್ಲದು. ತನ್ನ ಉತ್ತರ ಎಷ್ಟರಮಟ್ಟಿಗೆ ಅನಿಶ್ಚಿತ, ಆ ಅನಿಶ್ಚಿತತೆ ಎಲ್ಲಿಂದ ಬಂತು, ಬಳಸಿದ ಮೀಟರನ್ನು ಕೊನೆಯ ಬಾರಿ ಯಾವ ದಿನ ತಾಳೆ ನೋಡಲಾಯಿತು ಎಂಬುದನ್ನು ಹೇಳಬಲ್ಲ ವಿದ್ಯಾರ್ಥಿಗೆ ಅಂಕ ಸಲ್ಲಬೇಕು. ಅಂತಹ ಪರೀಕ್ಷೆಯಲ್ಲಿ ಓದಿಕೆಯನ್ನು ತಿದ್ದುವುದರಿಂದ ಏನೂ ಲಾಭವಿಲ್ಲ. ಲಾಭವಿಲ್ಲದ ಅಪ್ರಾಮಾಣಿಕತೆ ತಾನಾಗಿಯೇ ಬಾಡುತ್ತದೆ. ಇದಕ್ಕೆ ವಿಶ್ವವಿದ್ಯಾಲಯದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ತರಗತಿಯ ಪ್ರಯೋಗಗಳಿಗೆ ಅಂಕವಿಡುವ ಅಧ್ಯಾಪಕರು ನಾಳೆಯೇ ಪ್ರಾರಂಭಿಸಬಹುದು.

ವಿದ್ಯಾರ್ಥಿಮಿತ್ರರಿಗೆ ನಮ್ಮ ಕೊನೆಯ ಮಾತಿದು. ಆಧಾರದ ಚರಿತ್ರೆ ಹಣದಿಂದ ದೊರೆಯುವ ವಸ್ತುವಲ್ಲ. ಉತ್ತಮವಾದ ಚಿಪ್ಪನ್ನು ಇಂದೇ ತರಿಸಬಹುದು. ಅದರ ಹತ್ತು ವರ್ಷದ ದಾಖಲೆಯನ್ನು ತರಿಸಲಾಗದು. ಅದನ್ನು ಹತ್ತು ವರ್ಷ ಕುಳಿತು ಬರೆಯಬೇಕು. ನೀವು ಮೂರು ವರ್ಷ ಬರೆದು ಹೋಗುತ್ತೀರಿ. ನಿಮ್ಮ ತಮ್ಮತಂಗಿಯರು ಮುಂದುವರಿಸುತ್ತಾರೆ. ಒಂದು ದಿನ ಯಾರೋ ಒಬ್ಬರು ಆ ಪುಟಗಳಿಂದ ಗೆರೆಯೆಳೆದು, ಬೇಸಗೆ ಮಳೆಗಾಲಗಳ ಅಲೆಯನ್ನು ಬೇರ್ಪಡಿಸಿ, ಅದರ ಅಡಿಯಲ್ಲಿ ಮೆಲ್ಲನೆ ಬಾಗುವ ವರ್ಗಮೂಲದ ವಕ್ರರೇಖೆಯನ್ನು ಕಾಣುತ್ತಾರೆ. ನಿಮ್ಮ ಕಾಲೇಜಿನಲ್ಲಿ ಇಂತಹ ಪುಸ್ತಕವಿದೆಯೇ ಎಂದು ಕೇಳಿರಿ. ಇಲ್ಲವಾದರೆ ಮೊದಲ ಸಾಲನ್ನು ನೀವೇ ಬರೆಯಿರಿ. ದಿನಾಂಕವನ್ನೂ ಕಾವನ್ನೂ ಹಾಕಲು ಮರೆಯದಿರಿ.